ಬೆಡಗು ಕೇಳದ ವೆಬ್‌ಸೈಟ್

ಭಾಷೆ ಬದಲಾದರೂ ಭಾವ ಬದಲಾಗುವುದಿಲ್ಲವೆಂದು ಶಾಲೆಯಲ್ಲಿ ಜನ್ಮವೆಲ್ಲ ಬೋಧಿಸಿದವನು ನಾನು. ನಿವೃತ್ತಿಯ ನಂತರ ರೋಣದಲ್ಲಿ ವಧು-ವರರ ಕೇಂದ್ರ ತೆರೆದು, ಅದಕ್ಕೊಂದು ವೆಬ್‌ಸೈಟನ್ನೂ ಕಟ್ಟಿಕೊಂಡ ಮೇಲೆ ಆ ನಂಬಿಕೆ ಅಲುಗಾಡಿತು. ಸೈಟ್ ಮಾಡಿಕೊಟ್ಟವನು ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿಯಿಟ್ಟಿರುವ ಇಬ್ರಾಹಿಮ, ನನ್ನ ಹಳೆಯ ವಿದ್ಯಾರ್ಥಿ. ನಮ್ಮಲ್ಲಿ ಬೆಡಗೆಂದರೆ ಗೋತ್ರವಿದ್ದಂತೆ; ಒಂದೇ ಬೆಡಗಿನವರೆಂದರೆ ಒಂದೇ ಮೂಲದವರು, ಅಣ್ಣ-ತಂಗಿಯರಿದ್ದಂತೆ. ಲಗ್ನದ ಮಾತೇ ಎತ್ತಬಾರದು. ಅದಕ್ಕಾಗಿ ಅವನು ಅಂಥ ಜೋಡಿಗಳನ್ನು ತಡೆಯುವ, ಪ್ಲಗಿನ್ ಎಂಬ ಪುಟ್ಟ ಜೋಡಣೆಯೊಂದನ್ನು ಬರೆದು ಸೈಟಿಗೆ ಸಿಕ್ಕಿಸಿದ್ದ. ಅದು ಓಣಿಯ ಹಿರಿಯರಂತೆ ಮರೆಯಲ್ಲಿ ಕುಳಿತು ಸಂಬಂಧಗಳನ್ನು ತಪ್ಪಿಸುತ್ತ ಕೇಂದ್ರದ ಮಾನ ಕಾಯುತ್ತಿತ್ತು.

ಒಂದು ದಿನ ಇಬ್ರಾಹಿಮ ಬಂದು, ಸೈಟನ್ನು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಿಂದ ಜಾವಾ ಎಂಬ ಇನ್ನೊಂದು ಭಾಷೆಗೆ ಒಯ್ದಿರುವುದಾಗಿಯೂ ಇನ್ನು ಅದು ಲಗೂ ಓಡುವುದಾಗಿಯೂ ತಿಳಿಸಿದ. ಓಡಬೇಕಾದವನು ನಾನೆಂದು ಆಗ ಹೊಳೆಯಲಿಲ್ಲ.

ಮುಂದಿನ ವಾರ ಸೈಟಿನ ಶಿಫಾರಸಿನ ಮೇಲೆ ನರೇಗಲ್ಲಿನ ವರನ ಕಡೆಯವರೂ ನರಗುಂದದ ಕನ್ಯೆಯ ಕಡೆಯವರೂ ನನ್ನ ಕೇಂದ್ರದಲ್ಲಿ ಸೇರಿದರು. ಮಿರ್ಚಿ ಭಜಿ ಮುಗಿದು ಚಹಾ ಬಂದಾಗ ಹಿರಿಯರೊಬ್ಬರು ಸಹಜವಾಗಿ ಬೆಡಗು ಕೇಳಿದರು. ಎರಡೂ ಕಡೆಯಿಂದ ಒಂದೇ ಉತ್ತರ ಬಂತು. ವರನ ತಾಯಿ ಚಹಾದ ಬಸಿ ಕೆಳಗಿಟ್ಟರು.

"ಮಾಸ್ತರ, ಅಣ್ಣಗ ತಂಗೀನ ತೋರಸಾಕ ನಮ್ಮನ್ನ ಬಸ್ ಹತ್ತಿಸಿದ್ರೇನ್ರಿ?"

ಸುದ್ದಿ ಹಬ್ಬಿ ಪಕ್ಕದ ಗಜೇಂದ್ರಗಡ ಮುಟ್ಟಿದರೆ ಕೇಂದ್ರಕ್ಕೆ ಬೀಗವೇ ಗತಿ. ಈಗ ಬಂದೆನೆಂದು ಹೇಳಿ ಇಬ್ರಾಹಿಮನ ಅಂಗಡಿಗೆ ಓಡಿದೆ. ಪ್ಲಗಿನ್ನು ಹಳೆಯ ಭಾಷೆಯದು, ಹೊಸದಕ್ಕೆ ಅದರ ಮಾತು ತಿಳಿಯುವುದಿಲ್ಲ, ಒಂದೋ ಮೊದಲಿನಿಂದ ಬರೆಯಬೇಕು, ಇಲ್ಲವೇ ನಡುವೆ ದುಭಾಷಿಯೊಬ್ಬನನ್ನು ಕೂಡಿಸಬೇಕು ಎಂದು ಅವನು ವಿವರಿಸಿದ. ಲಗ್ನದಲ್ಲಿ ದುಭಾಷಿಗೇನು ಕೆಲಸವೋ ನನಗೆ ತಿಳಿಯಲಿಲ್ಲ.

"ಹಂಗಾರ ಹಳೇದು ಎಲ್ಲಿ ಹೋತಪಾ?"

"ಎಲ್ಲೂ ಹೋಗಿಲ್ರಿ ಸರ. ಅಲ್ಲೇ ಕುಂತೈತಿ. ಅದನ್ನ ಯಾರೂ ಕೇಳಂಗಿಲ್ರಿ."

ನಿವೃತ್ತರಿಗೆ ಅದು ಪರಿಚಿತವಾದ ಸ್ಥಿತಿಯೇ. ಕೇಂದ್ರಕ್ಕೆ ಹಿಂದಿರುಗಿದೆ.

ಜಗಳ ನಡೆದಿರಬಹುದೆಂದು ಹೆದರುತ್ತ ಒಳಗೆ ಕಾಲಿಟ್ಟರೆ, ಎರಡೂ ಮನೆಯವರು ಅಜ್ಜ-ಮುತ್ತಜ್ಜರನ್ನೆಲ್ಲ ಕೆದಕಿ ಬಳಗವಾಗಿಬಿಟ್ಟಿದ್ದರು. ನಾಗರ ಪಂಚಮಿಗೆ ಅಣ್ಣನಾಗಿ ಹುಡುಗಿಗೆ ಸೀರೆ ಕೊಡಿಸುವ ಹೊಣೆ ವರನ ತಲೆಗೆ ಬಿದ್ದಿತ್ತು. ಪಾಪ, ಅವನು ಖಾಲಿ ಭಜಿ ತಟ್ಟೆಯನ್ನೇ ನೋಡುತ್ತಿದ್ದ. ಅವನ ತಾಯಿ ನನ್ನತ್ತ ತಿರುಗಿದರು.

"ಹುಡುಗಿ ಭಾಳ ಚಲೋ ಅದಾಳ್ರಿ. ಈಕಿಗೊಂದು ವರ ನೋಡ್ರಿ. ಬೆಡಗ ಮಾತ್ರ ನೀವ ಬಾಯಿಲೆ ಕೇಳ್ರಿ."

ಅಂದಿನಿಂದ ಸೈಟು ಜೋಡಿ ಕೂಡಿಸುತ್ತದೆ, ನಾನು ಫೋನು ಹಚ್ಚಿ ಬೆಡಗು ಕೇಳಿ, ಒಂದೇ ಆದರೆ ಬೇಡವೆನ್ನುತ್ತೇನೆ. ಪ್ಲಗಿನ್ನು ಹೊಸ ಭಾಷೆಗೆ ಚೆನ್ನಾಗಿ ಹೊಂದಿಕೊಂಡಿದೆ ಎಂದು ಇಬ್ರಾಹಿಮ ಗಿರಾಕಿಗಳಿಗೆ ಹೇಳುತ್ತಾನಂತೆ. ಫೋನು ಹಚ್ಚುವ ಆ ಪ್ಲಗಿನ್ನಿಗೆ ಆ ಭಾಷೆಯ ಒಂದಕ್ಷರವೂ ಬರುವುದಿಲ್ಲವೆಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತು.