ಹಿಂದಿನ ಸೀಟಿನ ಗವರ್ನರ್

ಥರ್ಸ್ಟನ್ ಕೀಲ್ ಸಾಹೇಬರ ಗಂಟಲು ಕೂತುಹೋಗದೆ ಇದ್ದಿದ್ದರೆ ಹಾರ್ಲನ್ ಟ್ವರ್ಡಿಯ ಆ ಶನಿವಾರವೂ ಉಳಿದ ಶನಿವಾರಗಳ ಹಾಗೆ ಟೀವಿಯಲ್ಲಿ ಫುಟ್‌ಬಾಲ್ ನೋಡುತ್ತ, ನಡುವೆ ಬಾಯಿ ತೆರೆದು ನಿದ್ದೆ ಹೋಗುತ್ತ ಕಳೆದುಹೋಗುತ್ತಿತ್ತು.

ಕೀಲ್ ಸಾಹೇಬರು ನೆಬ್ರಾಸ್ಕದ ಗವರ್ನರ್ ಹುದ್ದೆಗೆ ನಿಂತ ರಿಪಬ್ಲಿಕನ್ ಅಭ್ಯರ್ಥಿ. ತೆರಿಗೆ ಇಳಿಸುತ್ತೇನೆ, ಸರ್ಕಾರವನ್ನು ಸಣ್ಣದು ಮಾಡುತ್ತೇನೆ, ನಮ್ಮ ಅಜ್ಜಂದಿರು ಬಾಳಿದ ಹಾಗೆ ಬಾಳೋಣ ಎಂದು ಊರೂರಲ್ಲಿ ಕೂಗಿ ಕೂಗಿ, ಕಡೆಗೆ ಒಣಗಿದ ಜೋಳದ ಗರಿ ಅಲುಗಿದಂಥ ಪಿಸುದನಿಯೊಂದೇ ಅವರಲ್ಲಿ ಉಳಿದಿತ್ತು. ಅದೂ ಸಾಲದೆಂಬಂತೆ ಅವತ್ತು ಬೆಳಿಗ್ಗೆ ಅವರ ಪ್ರಚಾರದ ಬಸ್ಸು ಹೆದ್ದಾರಿಯ ಪಕ್ಕದ ಮೋಟೆಲ್ ಮುಂದೆ ಕೆಟ್ಟು ನಿಂತಿತು. ಮಧ್ಯಾಹ್ನಕ್ಕೆ ಡಾರ್ಬಿ ಊರಿನ ಜಾತ್ರೆ ಮೈದಾನದಲ್ಲಿ ಕೋಳಿ ಊಟ, ಭಾಷಣ, ಟೀವಿಯವರು. ಸಾಹೇಬರ ಸಹಾಯಕರೆಲ್ಲ ಮೈಕು ಕಟ್ಟಲು ಆಗಲೇ ಮುಂದೆ ಹೋಗಿದ್ದರು.

ಕೌಂಟಿಯ ಪಕ್ಷದ ಅಧ್ಯಕ್ಷೆ ಲವಾನ್ ಓಬರ್ಗ್ ಹಾರ್ಲನ್‌ಗೆ ಫೋನ್ ಮಾಡಿದಳು.

"ಹಾರ್ಲನ್, ನಿನ್ನ ವ್ಯಾನ್ ತಗೊಂಡು ಹೋಗಿ ಸಾಹೇಬ್ರನ್ನ ಕರ್ಕೊಂಡು ಬಾ. ಶಾಲೆ ಬಸ್ಸು ಓಡಿಸೋನು ನೀನು, ಇಷ್ಟು ವರ್ಷದಲ್ಲಿ ಒಂದು ಮಗೂನೂ ಕಳ್ಕೊಂಡಿಲ್ಲ. ನಿನ್ನ ಬಿಟ್ರೆ ನಂಗೆ ಯಾರ ಮೇಲೂ ನಂಬಿಕೆ ಇಲ್ಲ."

"ಆಗ್ಲಿ ಮೇಡಂ."

"ಒಂದು ಮಾತು. ಅವ್ರ ಹತ್ರ ಮಾತಾಡ್ಬೇಡ. ಡಾಕ್ಟರ್ ಹೇಳಿದಾರೆ, ಇರೋ ಚೂರು ದನೀನ ಭಾಷಣಕ್ಕೆ ಉಳಿಸ್ಕೋಬೇಕಂತೆ. ನಮಸ್ಕಾರಾನೂ ಬೇಡ. ನೀನು ನಮಸ್ಕಾರ ಅಂದ್ರೆ ಅವ್ರು ನಮಸ್ಕಾರ ಅನ್ಬೇಕಾಗತ್ತೆ."

ಫೋನ್ ಇಡುವ ಮುನ್ನ ಅವಳು ಸುಮ್ಮನೆ ಎಂಬಂತೆ ಸೇರಿಸಿದಳು: "ಅಂದ ಹಾಗೆ, ಆ ಹೆಡ್ ಡ್ರೈವರ್ ಕೆಲಸದ ವಿಷಯ ನಮ್ಮನೆಯವ್ರ ಕಿವಿಗೆ ಹಾಕಿದೀನಿ. ಸೋಮವಾರ ಮೀಟಿಂಗಿದೆ."

ಲವಾನಳ ಗಂಡ ಶಾಲಾ ಮಂಡಳಿಯ ಸದಸ್ಯ. ಹೆಡ್ ಡ್ರೈವರ್ ಆದರೆ ನಸುಕಿನ ಚಳಿಯಲ್ಲಿ ಬಸ್ಸಿನ ಗಾಜಿನ ಮೇಲಿನ ಮಂಜು ಕೆರೆಯುವ ಕೆಲಸವಿಲ್ಲ. ಬಿಸಿ ಕೋಣೆಯಲ್ಲಿ ಕೂತು ಬೇರೆಯವರಿಂದ ಕೆರೆಸಬಹುದು. ಹಾರ್ಲನ್ ವ್ಯಾನನ್ನು ತೊಳೆದು, ಒರೆಸಿ, ಸೀಟಿನ ಮೇಲೆ ಹೊಸ ಕಂಬಳಿ ಹಾಸಿ ಹೊರಟ.

ಮೋಟೆಲಿನಿಂದ ಹೊರಬಂದ ಸಾಹೇಬರು ಉದ್ದನೆಯ ಆಳು. ತಲೆ ಮೇಲೆ ಅಗಲ ಅಂಚಿನ ಹ್ಯಾಟು, ಮೂಗಿನವರೆಗೂ ಸುತ್ತಿದ ಉಣ್ಣೆಯ ಮಫ್ಲರ್, ನಡುವೆ ಎರಡು ಕಣ್ಣು. ಪೋಸ್ಟರಿನಲ್ಲಿದ್ದ ಮುಖ ಎಷ್ಟೋ ವರ್ಷ ಹಿಂದಿನದು ಎಂದು ಎಲ್ಲರಿಗೂ ಗೊತ್ತಿತ್ತು. ಹಾರ್ಲನ್ ಬಾಯಿ ಬಿಡದೆ ಬಾಗಿಲು ತೆಗೆದ. ಸಾಹೇಬರು ಬಾಯಿ ಬಿಡದೆ ಹತ್ತಿ, ಕೋಟು ಮಫ್ಲರ್ ಬಿಚ್ಚಿ, ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿ, ಕಂಬಳಿ ಹೊದ್ದು, ಮುಖದ ಮೇಲೆ ಹ್ಯಾಟು ಇಟ್ಟುಕೊಂಡರು. ಗೊರಕೆಗೆ ಮಾತ್ರ ಡಾಕ್ಟರರ ನಿಷೇಧ ಇದ್ದಂತಿರಲಿಲ್ಲ.

ಅರ್ಧ ದಾರಿಯಲ್ಲಿ ಪೆಟ್ರೋಲ್ ಮುಗಿಯುತ್ತ ಬಂತು. ಹಾರ್ಲನ್ ಬಂಕಿನಲ್ಲಿ ನಿಲ್ಲಿಸಿ, ತುಂಬಿಸಿ, ಒಂದು ಕಾಫಿ ಹಿಡಿದು ಬಂದ. ಹೊರಡುವ ಮುಂಚೆ ಬಸ್ ಡ್ರೈವರನ ಅಭ್ಯಾಸದಂತೆ ತಿರುಗಿ ನೋಡಿದ. ಕಂಬಳಿ ಉಬ್ಬಿಕೊಂಡಿತ್ತು, ಅದರ ತುದಿಯಲ್ಲಿ ಹ್ಯಾಟಿತ್ತು. ಗೊರಕೆ ನಿಂತಿತ್ತು. ಪಾಪ, ಗಾಢ ನಿದ್ದೆ ಅಂದುಕೊಂಡು, ಗುಂಡಿ ಕಂಡಲ್ಲೆಲ್ಲ ಮೊಟ್ಟೆಯ ಬುಟ್ಟಿ ಹೊತ್ತವನಂತೆ ನಿಧಾನಿಸುತ್ತ ಡಾರ್ಬಿಗೆ ಬಂದ.

ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಹೈಸ್ಕೂಲಿನ ಬ್ಯಾಂಡು ಶುರುವಾಯಿತು. ಲವಾನ್ ಕೆಂಪು ಕೋಟಿನಲ್ಲಿ ಓಡಿಬಂದು ಹಿಂದಿನ ಬಾಗಿಲನ್ನು ತಾನೇ ತೆಗೆದಳು. ಮುಖದ ಮೇಲಿದ್ದ ನಗೆ ಹಾಗೇ ಇತ್ತು, ಆದರೆ ಅದರೊಳಗಿಂದ ಯಾರೋ ದೀಪ ಆರಿಸಿದಂತಾಯಿತು.

"ಹಾರ್ಲನ್. ಸಾಹೇಬ್ರೆಲ್ಲಿ?"

"ಮಲಗಿದಾರಲ್ಲ ಮೇಡಂ."

ಲವಾನ್ ಎರಡು ಬೆರಳಲ್ಲಿ ಹ್ಯಾಟನ್ನು ಎತ್ತಿದಳು. ಕೆಳಗೆ ಮಫ್ಲರ್. ಕಂಬಳಿ ಎತ್ತಿದಳು. ಕೆಳಗೆ ಕೋಟು. ಕೋಟಿನ ಜೇಬಿನಲ್ಲಿ ಸಾಹೇಬರ ಫೋನು ಬಡಿದುಕೊಳ್ಳುತ್ತಿತ್ತು.

ಹಾರ್ಲನ್ ಸೀಟಿನ ಕೆಳಗೂ ಬಗ್ಗಿ ನೋಡಿದ. ಬೆಳಿಗ್ಗೆ ಗವರ್ನರ್ ಆಗುವವರನ್ನು ಕೂರಿಸಿಕೊಂಡು ಹೊರಟಿದ್ದ. ಮಧ್ಯಾಹ್ನ ಅವರ ಬಟ್ಟೆ ಮಾತ್ರ ತಂದಿದ್ದ.

"ಪೆಟ್ರೋಲ್ ಬಂಕು," ಅಂದ. "ಇಳಿದಿರ್ಬೇಕು. ಹೇಳ್ಲೇ ಇಲ್ಲ."

"ಹೆಂಗೆ ಹೇಳ್ತಾರೆ? ಮಾತಾಡ್ಬೇಡಿ ಅಂದಿದ್ವಲ್ಲ." ಲವಾನ್ ಬಾಗಿಲು ಮುಚ್ಚಿ, ಜನರ ಕಡೆ ಕೈಬೀಸಿ ನಕ್ಕು, ಹಲ್ಲಿನ ಸಂದಿಯಿಂದಲೇ ಹೇಳಿದಳು: "ಹೋಗು. ಹುಡುಕಿ ತಗೊಂಡು ಬಾ. ಯಾರಿಗೂ ಗೊತ್ತಾಗ್ಬಾರ್ದು. ಅಲ್ಲೀವರೆಗೆ ಬ್ಯಾಂಡು ನಿಲ್ದೇ ಇರೋ ಹಾಗೆ ನಾನು ನೋಡ್ಕೋತೀನಿ."

ಅಷ್ಟರಲ್ಲಿ ಗೊತ್ತಾಗಿತ್ತು. ವ್ಯಾನಿನ ಆ ಬದಿಯ ಕಿಟಕಿಗೆ ಮೂಗು ಒತ್ತಿಕೊಂಡು ಹಾರ್ಲನ್ನನ ಪಕ್ಕದ ಮನೆಯ ಮರ್ಲ್ ಹ್ರುಸ್ಕ ನಿಂತಿದ್ದ.

"ನಾನ್ಯಾಕೆ ಹೇಳ್ಲಿ," ಎಂದ ಮರ್ಲ್. "ನಂಗೇನು ಬೇರೆ ಕೆಲಸ ಇಲ್ವಾ?"

ಅವನಿಗೆ ಬೇರೆ ಕೆಲಸ ಇರಲಿಲ್ಲ. ಹಾರ್ಲನ್ ಊರ ಗಡಿ ದಾಟುವಷ್ಟರಲ್ಲಿ ಫೋನ್ ಬಂತು.

"ಹಾರ್ಲನ್, ಸುಮ್ನೆ ಕೇಳ್ದೆ. ಸಾಹೇಬ್ರನ್ನ ಯಾರೋ ಎತ್ತಾಕ್ಕೊಂಡು ಹೋದ್ರಂತೆ, ಹೌದಾ?"

"ಯಾರು ಹೇಳಿದ್ದು?"

"ಕಡುಬಿನ ಅಂಗಡಿ ಹತ್ರ ಎಲ್ರೂ ಅಂತಿದಾರೆ."

"ಅವ್ರಿಗೆ ಯಾರು ಹೇಳಿದ್ದು?"

ಮರ್ಲ್ ಸ್ವಲ್ಪ ಯೋಚಿಸಿದ. "ನಾನು ಹೇಳಿದ್ದು ಬರೀ ಕಾಣ್ತಿಲ್ಲ ಅಂತ. ಉಳಿದಿದ್ದು ಅವ್ರೇ ಸೇರಿಸ್ಕೊಂಡಿದಾರೆ."

ಮತ್ತೆ ಬಂತು: ಸಾಹೇಬರು ಮೆಕ್ಸಿಕೋಕ್ಕೆ ಓಡಿಹೋದರಂತೆ. ಮತ್ತೆ ಬಂತು: ಎದೆ ಹಿಡಿದುಕೊಂಡರಂತೆ, ಪಾದ್ರಿ ಆಗಲೇ ಹೊರಟರಂತೆ. ಬಂಕು ತಲುಪುವ ಹೊತ್ತಿಗೆ ಹಾರ್ಲನ್ನನ ಫೋನಿನ ಚಾರ್ಜು ಪೂರ್ತಿ ಮುಗಿದಿತ್ತು.

ಗಲ್ಲಾದಲ್ಲಿ ಕೂತಿದ್ದ ಹೆಂಗಸು ಚ್ಯೂಯಿಂಗ್ ಗಮ್ ಅಗಿಯುತ್ತ ನೆನಪಿಸಿಕೊಂಡಳು.

"ಉದ್ದನೆ ಮುದುಕಪ್ಪ, ಬಿಳಿ ಅಂಗಿ? ಇದ್ದ. ಪಾಪ, ಮೂಗ. ಮುಷ್ಟಿ ಹಿಡಿದು ಬಾಯಿ ಮುಂದೆ ತಂದು ತಂದು ತೋರಿಸ್ದ. ಐಸ್‌ಕ್ರೀಂ ಕೇಳ್ತಿದಾನೆ ಅಂತ ಒಂದು ಕೊಟ್ಟೆ."

ಅದು ಮೈಕು ಎಂದು ಹಾರ್ಲನ್‌ಗೆ ಹೊಳೆಯಿತು. "ತಿಂದ್ರಾ?"

"ತಿಂದ. ಆಮೇಲೆ ಹಂದಿ ಸಾಗಿಸೋ ಲಾರಿ ಹತ್ಕೊಂಡು ಹೋದ. ಆಲ್ಡರ್ ಕ್ರೀಕ್ ರಸ್ತೆ ಹಿಡೀತು."

ಆಲ್ಡರ್ ಕ್ರೀಕ್ ಎಂದರೆ ಒಂದು ನೀರಿನ ಟ್ಯಾಂಕು, ಒಂದು ಧಾನ್ಯದ ಗೋದಾಮು, ಒಂದು ಬಾರು. ಹಂದಿ ಲಾರಿ ಎಲ್ಲೂ ಕಾಣಲಿಲ್ಲ. ಆದರೆ ಅಗ್ನಿಶಾಮಕ ದಳದ ಸಭಾಂಗಣದ ಮುಂದೆ ಕಾರುಗಳ ಸಾಲು ನಿಂತಿತ್ತು, ಬೀನ್ಸ್ ಸೂಪಿನ ಘಮ ರಸ್ತೆವರೆಗೂ ಬರುತ್ತಿತ್ತು. ಹಸಿದವನು ಇಲ್ಲಿ ಇಳಿಯದೆ ಇರಲಾರ ಎಂದು ಒಳಗೆ ಕಾಲಿಟ್ಟ ಹಾರ್ಲನ್ ಹೊಸ್ತಿಲಲ್ಲೇ ಮರಗಟ್ಟಿ ನಿಂತ. ಗೋಡೆ ತುಂಬ ಡೆಮಾಕ್ರಟ್ ಅಭ್ಯರ್ಥಿ ಮೀಡ್ ಅವರ ಹೆಸರು. ಸೂಪಿನ ಸೌಟು ಹಿಡಿದು ನಿಂತವಳು ಡಾರ್ಲೀನ್ ವಾಸೆಕ್. ಶಾಲಾ ಮಂಡಳಿಯಲ್ಲಿ ಲವಾನಳ ಗಂಡ ಹೌದು ಎಂದರೆ ಇಲ್ಲ ಎನ್ನುವವಳು, ಇಲ್ಲ ಎಂದರೆ ಹೌದು ಎನ್ನುವವಳು.

ಮೂಲೆಯ ಮೇಜಿನಲ್ಲಿ ಬಿಳಿ ಅಂಗಿಯ ಉದ್ದನೆಯ ಮುದುಕರೊಬ್ಬರು ಒಬ್ಬರೇ ಕೂತು ಸೂಪಿನ ಬಟ್ಟಲು ಬಳಿಯುತ್ತಿದ್ದರು. ತಲೆ ಮೇಲೆ ನೀಲಿ ಟೋಪಿ. ಟೋಪಿಯ ಮೇಲೆ ಮೀಡ್.

ಹಾರ್ಲನ್‌ಗೆ ಎಲ್ಲ ಅರ್ಥವಾಯಿತು. ದನಿ ಇಲ್ಲದ ಮನುಷ್ಯನ ತಲೆಗೆ ಇವರು ಟೋಪಿ ಹಾಕಿಬಿಟ್ಟಿದ್ದಾರೆ. ಬೇಡ ಎನ್ನಲು ಬಾಯಿಲ್ಲದೆ ಸಾಹೇಬರು ಸಹಿಸಿಕೊಂಡು ಕೂತಿದ್ದಾರೆ. ಇಲ್ಲಿ ಒಬ್ಬನಿಗೆ ಗುರುತು ಹತ್ತಿ ಒಂದು ಫೋಟೋ ಹೊರಗೆ ಹೋದರೆ ಚುನಾವಣೆಯೂ ಹೋಯಿತು, ಬಿಸಿ ಕೋಣೆಯೂ ಹೋಯಿತು.

"ಏನ್ ಹಾರ್ಲನ್, ನಮ್ಮ ಕಡೆ?" ಎಂದಳು ಡಾರ್ಲೀನ್. "ಬುದ್ಧಿ ಬಂತಾ?"

"ಸೂಪಿನ ವಾಸ್ನೆ ಬಂತು."

"ಕೂತ್ಕೋ. ಬ್ರೆಡ್ ತರ್ತೀನಿ."

ಅವಳು ಅತ್ತ ತಿರುಗಿದ್ದೇ ತಡ, ಹಾರ್ಲನ್ ಮೂಲೆಯ ಮೇಜಿಗೆ ಹೋಗಿ ಬಗ್ಗಿ, ಆ ಮೊಣಕೈಯನ್ನು ಮೃದುವಾಗಿ ಹಿಡಿದು ಕಿವಿಯಲ್ಲಿ ಹೇಳಿದ: "ಸಾಹೇಬ್ರೇ, ತಪ್ಪಾಯ್ತು. ಎಲ್ರೂ ನಿಮಗೋಸ್ಕರ ಕಾದು ಕೂತಿದಾರೆ. ಕೋಳಿ ಬಿಸಿಯಾಗಿದೆ. ಬ್ಯಾಂಡೂ ಇದೆ. ದಯವಿಟ್ಟು ಬನ್ನಿ."

ಅವರು ತಲೆ ಎತ್ತಿ ನೋಡಿದರು. ಕೋಪವಿಲ್ಲ, ಗದರಿಕೆಯಿಲ್ಲ. ಮುಖ ಅರಳಿಸಿ, ತಲೆಯಾಡಿಸಿ, ಬಾಯಿ ಒರೆಸಿಕೊಂಡು ಎದ್ದರು. ದೊಡ್ಡವರು ಎಂದರೆ ಹೀಗಿರಬೇಕು ಎಂದು ಹಾರ್ಲನ್‌ಗೆ ಕಣ್ಣು ತೇವವಾಯಿತು. ಹಿಂಬಾಗಿಲಿನಿಂದ ಇಳಿಸಿ, ವ್ಯಾನಿಗೆ ಹತ್ತಿಸಿ, ಸೀಟಿನ ಬೆಲ್ಟನ್ನು ತಾನೇ ಬಿಗಿದು, ಅದು ಕೂತಿದೆಯೇ ಎಂದು ಎರಡು ಸಲ ಎಳೆದು ನೋಡಿದ. ದಾರಿಯುದ್ದಕ್ಕೂ ಅವನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಕನ್ನಡಿಯಲ್ಲೇ ಇತ್ತು. ಪ್ರತಿ ಸಲವೂ ಹಿಂದಿನಿಂದ ಅದೇ ಪ್ರಸನ್ನ ನಗೆ.

ಮೈದಾನಕ್ಕೆ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ವ್ಯಾನು ಕಂಡಿದ್ದಾರೆ ಎಂದುಕೊಂಡ ಹಾರ್ಲನ್ ಅದನ್ನು ನೇರ ವೇದಿಕೆಯ ಪಕ್ಕಕ್ಕೆ ತಂದು, ಇಳಿದು, ಟೀವಿ ಕ್ಯಾಮೆರಾದ ಎದುರೇ ಹಿಂದಿನ ಬಾಗಿಲು ತೆಗೆದು ಸೊಂಟದವರೆಗೆ ಬಾಗಿದ.

"ಹುಡುಕಿ ತಂದೆ ಮೇಡಂ," ಅಂದ ಲವಾನಳಿಗೆ.

ಬ್ಯಾಂಡು ಒಂದೊಂದೇ ವಾದ್ಯವಾಗಿ ನಿಂತಿತು. ಲವಾನ್ ವ್ಯಾನಿನೊಳಗೆ ನೋಡಿದಳು, ವೇದಿಕೆಯ ಕಡೆ ನೋಡಿದಳು, ಮತ್ತೆ ವ್ಯಾನಿನೊಳಗೆ ನೋಡಿದಳು.

"ಹಾರ್ಲನ್, ಇವ್ರ್ಯಾರು?"

"ಗವರ್ನರ್ ಸಾಹೇಬ್ರು."

"ಸಾಹೇಬ್ರು ಅಲ್ಲಿದಾರೆ."

ವೇದಿಕೆಯ ಮೇಲೆ, ಅಂಗಿಗೆ ಹುಲ್ಲು ಅಂಟಿಕೊಂಡ, ಹತ್ತಿರ ನಿಂತವರು ಸ್ವಲ್ಪ ದೂರ ಸರಿದು ನಿಂತಿದ್ದ ಉದ್ದನೆಯ ಮನುಷ್ಯರೊಬ್ಬರು ಮೈಕು ಹಿಡಿದಿದ್ದರು. ಡಾರ್ಬಿಯ ಸಂತೆಗೆ ಹೊರಟಿದ್ದ ಹಂದಿ ಲಾರಿ ಅವರನ್ನು ಎಲ್ಲೂ ನಿಲ್ಲಿಸದೆ, ಆಲ್ಡರ್ ಕ್ರೀಕ್ ಹಾದು, ಮೈದಾನದ ಬಾಗಿಲಲ್ಲೇ ಇಳಿಸಿ ಹೋಗಿತ್ತು. ಚಪ್ಪಾಳೆ ಅದಕ್ಕಾಗಿತ್ತು.

ಹಾರ್ಲನ್ ವ್ಯಾನಿನ ಕಡೆ ತಿರುಗಿದ. ನೀಲಿ ಟೋಪಿಯ ಮುದುಕರು ಬೆಲ್ಟು ಬಿಚ್ಚಿಕೊಳ್ಳಲಾಗದೆ ತಡಕಾಡುತ್ತ ಅವನನ್ನೇ ನೋಡಿ ನಗುತ್ತಿದ್ದರು. ಅವನು ಕೈಚಾಚಿ ಬೆಲ್ಟು ಬಿಚ್ಚಿದ. ಕ್ಯಾಮೆರಾದವನು ಒಂದು ಹೆಜ್ಜೆ ಹತ್ತಿರ ಬಂದ.

ಅಷ್ಟರಲ್ಲಿ ಧೂಳೆಬ್ಬಿಸುತ್ತ ಕಾರುಗಳು ಬಂದು ನಿಂತವು. ಸೌಟು ಕೈಯಲ್ಲೇ ಇದ್ದ ಡಾರ್ಲೀನ್ ಇಳಿದಳು. ಹಿಂದೆ ಜಿಲ್ಲೆಯ ಪೊಲೀಸು, ಡೆಪ್ಯುಟಿ ಶೆರೀಫ್.

"ನಮ್ಮಪ್ಪ ಎಲ್ಲಿ? ಸೂಪು ಕುಡೀತಾ ಕೂತಿದ್ದ ಮುದುಕಪ್ಪನ್ನ ಹಿಂಬಾಗ್ಲಿಂದ ಎತ್ತಾಕ್ಕೊಂಡು ಬಂದಿದೀಯಲ್ಲ, ಹಾರ್ಲನ್ ಟ್ವರ್ಡಿ. ನಿಮ್ಮ ಪಕ್ಷಕ್ಕೆ ಜನ ಸಾಲ್ದೇ ಹೋದ್ರಾ?"

ದಕ್ಷಿಣ ಡಕೋಟದಿಂದ ಮಗಳ ಮನೆಗೆ ಮೊನ್ನೆ ಮೊನ್ನೆ ಬಂದಿದ್ದ ಎಮಿಲ್ ವಾಸೆಕ್ ಅಜ್ಜನಿಗೆ ಕಿವಿ ಕೇಳುತ್ತಿರಲಿಲ್ಲ. ಮಗಳು ಶ್ರವಣಯಂತ್ರವನ್ನು ಅವರ ಜೇಬಿನಿಂದ ತೆಗೆದು ಕಿವಿಗೆ ತುರುಕಿದಳು. ಡೆಪ್ಯುಟಿ ಬಗ್ಗಿ, "ಅಜ್ಜಾ, ನೀವಾಗೇ ಬಂದ್ರಾ, ಇಲ್ಲಾ ಎಳ್ಕೊಂಡು ಬಂದ್ರಾ?" ಎಂದು ಕೂಗಿದ.

ಕ್ಯಾಮೆರಾ ಅಜ್ಜನ ಕಡೆ ತಿರುಗಿತು.

"ಏನಂದ್ನೋ ಕೇಳ್ಸಿಲ್ಲ," ಅಂದರು ಅಜ್ಜ. "ಆದ್ರೆ ಕೈ ಹಿಡ್ಕೊಂಡು ಎಷ್ಟು ಮರ್ಯಾದೆಯಿಂದ ಅಂದ. ಮಗಳ ಮನೇಲಿ ಯಾರೂ ನನ್ನ ಹಿಂಗೆ ಕರೆದಿಲ್ಲ. ಎಲ್ಲಿಗಾದ್ರೂ ಆಗ್ಲಿ ಅಂತ ಬಂದೆ. ಇಲ್ಲಿ ಊಟ ಇದ್ಯಾ?"

ಡಾರ್ಲೀನಳ ಸೌಟು ಕೆಳಗಿಳಿಯಿತು. ಇಡೀ ಮೈದಾನಕ್ಕೆ ಕೇಳುವಂತೆ ಟೀವಿ ಕ್ಯಾಮೆರಾದ ಎದುರು ಹೇಳಿಸಿಕೊಂಡ ಆ ಮಾತು ಅವಳ ಕೆನ್ನೆಯನ್ನು ಲವಾನಳ ಕೋಟಿಗಿಂತ ಕೆಂಪಾಗಿಸಿತು.

ಕೀಲ್ ಸಾಹೇಬರು ಸಂದರ್ಭ ಬಿಡುವವರಲ್ಲ. ಇಳಿದು ಬಂದು ಅಜ್ಜನ ಹೆಗಲ ಮೇಲೆ ಕೈಹಾಕಿ, "ನೋಡಿ, ಅವರ ಟೋಪಿ ಹಾಕಿದೋರೂ ನಮ್ಮ ಊಟಕ್ಕೆ..." ಎಂದು ಶುರು ಮಾಡಿದರು. ದನಿ ಅಲ್ಲಿಗೆ ಮುಗಿಯಿತು. ಉಳಿದಿದ್ದ ಚೂರನ್ನು ಅವರು ದಾರಿಯುದ್ದಕ್ಕೂ ಹಂದಿ ಲಾರಿಯವನಿಗೆ ನಾನು ಗವರ್ನರ್, ನಾನು ಗವರ್ನರ್ ಎಂದು ಹೇಳಲು ಹೋಗಿ ಖರ್ಚು ಮಾಡಿಬಿಟ್ಟಿದ್ದರು. ಮುಂದಕ್ಕೆ ಬಾಯಿ ಆಡಿತು, ಸದ್ದಿಲ್ಲ. ಅಜ್ಜ ಶ್ರವಣಯಂತ್ರವನ್ನು ತಟ್ಟಿ ನೋಡಿ, "ಇದು ಕೆಟ್ಟೋಯ್ತು," ಎಂದು ಕಿತ್ತು ಮಗಳ ಕೈಗೆ ಕೊಟ್ಟು ಕೋಳಿಯ ಮೇಜಿನ ಕಡೆ ನಡೆದರು.

ಅವತ್ತಿನ ಸಂಜೆ ಟೀವಿಯಲ್ಲಿ ಭಾಷಣ ಬರಲಿಲ್ಲ. ಬಂದದ್ದು ಬಾಗಿಲು ತೆಗೆದು ಬಾಗಿ ನಿಂತ ಹಾರ್ಲನ್.

ಸೋಮವಾರ ಶಾಲಾ ಮಂಡಳಿಯ ಸಭೆಗೆ ಅವನೂ ಹೋಗಿ ಕೊನೆಯ ಸಾಲಿನಲ್ಲಿ ಕೂತ. ಲವಾನಳ ಗಂಡನ ಕಡೆಯವರು ಒಂದು ಬದಿ, ಡಾರ್ಲೀನಳ ಕಡೆಯವರು ಇನ್ನೊಂದು ಬದಿ. ಶಾಲೆಯ ಊಟದ ಕೋಣೆಯ ಗೋಡೆಗೆ ಯಾವ ಬಣ್ಣ ಎಂಬುದರ ಮೇಲೂ ಈ ಎರಡು ಬದಿ ಒಂದಾಗಿದ್ದನ್ನು ಊರು ಕಂಡಿರಲಿಲ್ಲ; ಗೋಡೆ ಇನ್ನೂ ಅರ್ಧ ಹಳದಿ ಅರ್ಧ ಹಸಿರು ಇತ್ತು. ಆ ಒಡಕೇ ಹಾರ್ಲನ್ನನಿಗೆ ಉಳಿದಿದ್ದ ಆಸೆ. ಇವರು ಬೇಡ ಎಂದರೆ ಅವರು ಬೇಕು ಎಂದೇ ಎನ್ನಬೇಕಲ್ಲ.

ಲವಾನಳ ಗಂಡ ಎದ್ದು, ಹೆಡ್ ಡ್ರೈವರ್ ಹುದ್ದೆಗೆ ಯಾರನ್ನು ಬೇಕಾದರೂ ತೆಗೆದುಕೊಳ್ಳಲಿ, ಹಾರ್ಲನ್ ಟ್ವರ್ಡಿ ಮಾತ್ರ ಬೇಡ ಎಂದ.

ಡಾರ್ಲೀನ್ ಎದ್ದಳು. ಸಭೆ ಅವಳ ಬಾಯನ್ನೇ ನೋಡಿತು.

"ಇವರು ಹೇಳಿದ್ದು ಸರಿ," ಎಂದಳು.

ಕೈಗಳು ಎರಡೂ ಬದಿಯಿಂದ ಒಟ್ಟಿಗೆ ಮೇಲೆದ್ದವು. ಒಂದೂ ತಪ್ಪಲಿಲ್ಲ. ಗುಮಾಸ್ತೆ ಬರೆಯುವುದನ್ನೇ ಮರೆತು ಕೂತಳು. ಇಷ್ಟು ವರ್ಷ ಕಾಣದ ಒಗ್ಗಟ್ಟನ್ನು ಕಂಡ ಜನ ದಂಗಾಗಿ, ಆಮೇಲೆ ಒಬ್ಬೊಬ್ಬರಾಗಿ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಎಲ್ಲರೂ ಎದ್ದರಲ್ಲ ಎಂದು ಹಾರ್ಲನ್ನನೂ ಎದ್ದು, ಯಾಕೆ ಎಂದು ತಲೆಗೆ ಹೋಗುವ ಮುಂಚೆ, ತಾನೂ ತಟ್ಟಿದ.