ಬಂಡೆಪ್ಪನ ಪಿಕಪ್ಪಿಗೆ ಹೊಟ್ಟೆ ತುಂಬಲಿಲ್ಲ

"ಈ ಪಿಕಪ್ಪಿನ ರೋಗ ನಾ ಕಂಡ ಹಿಡೀಲಿಲ್ಲಂದ್ರ ನನ್ನ ಹೆಸರು ಬಂಡೆಪ್ಪನ ಅಲ್ಲ!"

ಮುಂಬೈಯ ಸಯನ್ನಿನ ಹಳೆಯ ಬಿಲ್ಡಿಂಗೊಂದರ ಕೆಳಮನೆಯ ಬಾಗಿಲಲ್ಲಿ ನಿಂತು ಬಂಡೆಪ್ಪ ಹೀಗೆ ಘೋಷಿಸಿದಾಗ, ಒಳಗೆ ಹಂಚಿನ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಶಿವಕುಮಾರಿ ಕೈ ನಿಲ್ಲಿಸಲಿಲ್ಲ.

"ಹೆಸರು ಬದಲಿ ಮಾಡೂದು ಭಾಳ ತ್ರಾಸ ಐತ್ರಿ. ಆಧಾರ ಕಾರ್ಡು, ಪ್ಯಾನ್ ಕಾರ್ಡು ಎಲ್ಲಾ ತಿದ್ದಸಬೇಕಾಕ್ಕೈತಿ. ಅದಕ್ಕಿಂತ ಬೈಕುಲ್ಲಾದ ಯಲ್ಲಾಲಿಂಗನ ಗ್ಯಾರೇಜಿಗೆ ಗಾಡಿ ಒಯ್ಯೂದು ಸಸಾರ."

"ಹದಿನೆಂಟು ವರ್ಷ ಮುಂಬೈದಾಗ ಗಾಡಿ ಹೊಡದೇನಿ. ನನಗ ಯಲ್ಲಾಲಿಂಗ ಪಾಠ ಹೇಳಬೇಕೇನು?"

ರೋಗವೇನೋ ವಿಚಿತ್ರವಾಗಿಯೇ ಇತ್ತು. ಗಾಡಿ ಓಡುತ್ತಿತ್ತು, ಹೊಗೆ ಬಿಡುತ್ತಿರಲಿಲ್ಲ, ದಾರಿಯಲ್ಲಿ ಕೈಕೊಡುತ್ತಿರಲಿಲ್ಲ. ಆದರೆ ಡೀಸೆಲ್ ಕುಡಿಯಲು ಮಾತ್ರ ಹಟ! ಪಂಪಿನಲ್ಲಿ ನಳಿಗೆ ಬಾಯಿಗಿಟ್ಟು ಒಂದು ಗುಟುಕು ಬಿಟ್ಟರೆ ಸಾಕು, ನೊರೆ ಉಕ್ಕಿ ಮೇಲೆ ಬಂದು 'ಟಕ್' ಎಂದು ನಿಂತುಬಿಡುತ್ತಿತ್ತು. ಇನ್ನೊಂದು ಗುಟುಕು, ಇನ್ನೊಂದು ಟಕ್. ಬೇರೆಯವರು ಐದು ನಿಮಿಷದಲ್ಲಿ ತುಂಬಿಸಿಕೊಂಡು ಹೋದರೆ ಬಂಡೆಪ್ಪನಿಗೆ ಅರ್ಧ ಗಂಟೆ. ಹಿಂದೆ ನಿಂತ ಟ್ಯಾಕ್ಸಿಯವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ, ಕೊನೆಗೆ ಕೆಳಗಿಳಿದು ಬಂದು ಅವನ ಮನೆತನದ ವಿಚಾರ ಮಾತಾಡುತ್ತಿದ್ದರು. ಆ ಪಿಕಪ್ ಗೇಟಿನಲ್ಲಿ ಕಂಡರೆ ಸಾಕು, ಪಂಪಿನ ಹುಡುಗರೆಲ್ಲ ಒಮ್ಮೆಲೇ ಚಹಾ ಕುಡಿಯಲು ಹೋಗುತ್ತಿದ್ದರು.

"ಯಾವಾಗಿಂದ ಹಿಂಗ ಆಗೇತಿ ಅನ್ನೂದು ನನಗ ಪಕ್ಕಾ ಗೊತ್ತೈತಿ," ಎಂದ ಬಂಡೆಪ್ಪ ಧ್ವನಿ ಏರಿಸಿ. "ನೀ ಸ್ಟೇರಿಂಗ್ ಹಿಡದ ದಿನದಿಂದ!"

ಈಗ ಶಿವಕುಮಾರಿಯ ಕೈ ನಿಂತಿತು.

ಇದು ಬರೀ ಟ್ಯಾಂಕಿನ ಜಗಳವಲ್ಲ ಎಂಬುದು ಓದುಗರಿಗೆ ಗೊತ್ತಿರಬೇಕು. ಹುಕ್ಕೇರಿ ಕಡೆಯಿಂದ ಬಂದ ಈ ದಂಪತಿಯಲ್ಲಿ ಅವಳು ರೊಟ್ಟಿ ಮಾಡುವವಳು, ಅವನು ಅದನ್ನು ಮುಂಬೈಯ ಕನ್ನಡಿಗರ ಮನೆಮನೆಗೆ ಮುಟ್ಟಿಸುವವನು. ಹೋದ ವರ್ಷ ನಲವತ್ತೆರಡನೆಯ ವಯಸ್ಸಿನಲ್ಲಿ ಶಿವಕುಮಾರಿಗೆ ಡ್ರೈವಿಂಗ್ ಕಲಿಯುವ ಮನಸ್ಸಾಯಿತು. ಕಲಿತಳು, ಲೈಸೆನ್ಸ್ ತಂದಳು. ಒಂದೂವರೆ ತಿಂಗಳ ಹಿಂದೆ ಒಂದು ನಸುಕಿನಲ್ಲಿ ಒಬ್ಬಳೇ ಬೈಕುಲ್ಲಾ ಮಾರ್ಕೆಟ್ಟಿಗೆ ಹೋಗಿ ಎಣ್ಣೆಗಾಯಿಗೆಂದು ಮುಳಗಾಯಿಯ ಚೀಲ ಹೇರಿಕೊಂಡು ಬಂದಳು. ಹದಿನೆಂಟು ವರ್ಷ ಹಂಚಿನ ಮುಂದೆ ಕುಳಿತು ನೋಡಿದ ಮುಂಬೈಯೇ ಬೇರೆ, ಆ ಸೀಟಿನಿಂದ ಕಂಡ ಮುಂಬೈಯೇ ಬೇರೆ ಎಂದು ಅವತ್ತು ಅವಳು ದಿನವಿಡೀ ಹೇಳಿದ್ದಳು. ಆ ಸೀಟಿನ ಮೇಲೆ ಅವಳಿಗೆ ಜೀವ. ಬಂಡೆಪ್ಪನಿಗೂ ಅದೇ ಸೀಟಿನ ಮೇಲೆ ಜೀವ. ಸೀಟು ಮಾತ್ರ ಒಂದೇ!

"ಆತು," ಎಂದಳು ಶಿವಕುಮಾರಿ, ಹಿಟ್ಟಿನ ಕೈ ಝಾಡಿಸಿ. "ರೋಗ ನನ್ನ ಕೈಯಿಂದ ಬಂದೈತಿ ಅಂತ ತೋರಸ್ರಿ, ಕೀಲಿ ನಿಮ್ಮ ಹಂತೇಕನ ಇರ್ಲಿ, ನಾ ಮತ್ತ ಮುಟ್ಟೂದಿಲ್ಲ. ತೋರಸಾಕ ಆಗ್ಲಿಲ್ಲಂದ್ರ ಕೀಲಿ ನನ್ನ ನಡಕ್ಕ."

"ಕಬೂಲ್!" ಎಂದ ಬಂಡೆಪ್ಪ. ಹಾಗೆಂದು ಎದೆ ಉಬ್ಬಿಸಿದಾಗ ಹೊಟ್ಟೆ ಒಳಗೆ ಹೋಯಿತು, ಹೊಟ್ಟೆಯ ಹಿಂದೆಯೇ ಪ್ಯಾಂಟೂ ಕೆಳಗಿಳಿಯಿತು. ಅವಸರದಿಂದ ಮೇಲೆಳೆದುಕೊಂಡ.

"ಹೊಸಾ ಉಡದಾರ ತಂದ ಕಟ್ಕೋರಿ ಅಂತ ಎಷ್ಟ ಸಲ ಹೇಳಬೇಕ ನಿಮಗ?"

"ಜಳಕಾ ಮಾಡೂಮುಂದ ಹರದ ಹೋತು ಅಂದೆನಲ್ಲ. ತರ್ತೀನಿ ಬಿಡು."

ಸಂಶೋಧನೆ ಆರಂಭವಾಯಿತು. ಮೂರು ದಿನ ಬಂಡೆಪ್ಪ ಮೊಬೈಲಿನಲ್ಲಿ ವಿಡಿಯೋ ನೋಡಿದ. ಯಾವುದೋ ದೇಶದ ಗಡ್ಡದವನೊಬ್ಬ ಮನೆಯಷ್ಟು ದೊಡ್ಡ ಪಿಕಪ್ಪಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ವಿವರಿಸಿದ. ಬಂಡೆಪ್ಪನಿಗೆ ಅರ್ಥವಾದದ್ದು ಅವನ ಕೈಸನ್ನೆ ಮಾತ್ರ. ಆ ಕೈಸನ್ನೆಯ ಆಧಾರದ ಮೇಲೆ ಟ್ಯಾಂಕಿನಲ್ಲಿ ವಾಯು ಆಗಿದೆ ಎಂದು ತೀರ್ಮಾನಿಸಿದ. ಗಾಡಿಯ ಒಂದು ಗಾಲಿಯನ್ನು ಫುಟ್‌ಪಾತಿನ ಮೇಲೆ ಹತ್ತಿಸಿ, ಕೆಳಗಿಳಿದು, ಎರಡೂ ಕೈಯಿಂದ ತೊಟ್ಟಿಲು ತೂಗಿದಂತೆ ತೂಗತೊಡಗಿದ. ಎರಡನೆಯ ಮಾಳಿಗೆಯ ಮರಾಠಿ ಅಜ್ಜಿ ಕಿಟಕಿಯಿಂದ ಇಣುಕಿ, "ಝೋಪ್ಲಂ ಕಾ ಬಾಳ?" ಎಂದು ಕೇಳಿದಳು. ಕೂಸು ಮಲಗಿತೇ ಎಂದು! ಶಿವಕುಮಾರಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಕೂಸಿನ ಮಾತು ಬಂಡೆಪ್ಪನಿಗೆ ಚುಚ್ಚಿತು, ಕಾರಣವಿದೆ. ಈ ಗಾಡಿ ಮನೆಗೆ ಬಂದ ದಿನವೇ ಶಿವಕುಮಾರಿ ದೃಷ್ಟಿಯಾಗದಿರಲೆಂದು ಕನ್ನಡಿಗೆ ಕರಿ ದಾರ ಕಟ್ಟಲು ಹೋದಾಗ ಅವನು ಅದನ್ನು ಕಿತ್ತುಹಾಕಿ, "ಇದು ಯಂತ್ರ ಐತಿ, ಕೂಸಲ್ಲ! ಯಂತ್ರಕ್ಕ ದೃಷ್ಟಿ ಆಗೂದಿಲ್ಲ, ಸರ್ವಿಸಿಂಗ್ ಆಗತೈತಿ!" ಎಂದು ಭಾಷಣ ಬಿಗಿದಿದ್ದ. ಆ ಭಾಷಣವನ್ನು ಆಮೇಲೆ ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಹೀಗಿರುವಾಗ ರವಿವಾರ ಬಂತು. ಅಂಧೇರಿಯಲ್ಲಿ ಸಪ್ನಾ ಎಂಬ ಹುಡುಗಿಯ ಕುಬಸ. ಮುಂಬೈಯಲ್ಲೇ ಹುಟ್ಟಿದ ಹುಡುಗಿ, ಕನ್ನಡ ತಡವರಿಸುತ್ತಾಳೆ, ಆದರೆ ಬಸುರಿಯ ಬಾಯಿ ಬಯಸಿದ್ದು ಮಾತ್ರ ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಆರುನೂರು ರೊಟ್ಟಿ! ಶಿವಕುಮಾರಿಗೆ ಇಷ್ಟು ದೊಡ್ಡ ಊಟದ ಕೆಲಸ ಸಿಕ್ಕಿದ್ದು ಇದೇ ಮೊದಲು. ಹನ್ನೆರಡಕ್ಕೆ ಪಂಕ್ತಿ. ಒಂಬತ್ತೂವರೆಗೇ ರೊಟ್ಟಿಯ ಡಬ್ಬಿಗಳನ್ನೆಲ್ಲ ಗಾಡಿಗೆ ಹೇರಿದ್ದಾಯಿತು. ಬಂಡೆಪ್ಪ ಸ್ಟೇರಿಂಗಿನ ಮುಂದೆ, ಅವಳು ಪಕ್ಕದಲ್ಲಿ. ಆಗ ನೋಡಿದರೆ ಡೀಸೆಲ್ ಮುಳ್ಳು ಕೆಂಪು ಗೆರೆಯ ಕೆಳಗೆ ಮಲಗಿದೆ! ಪಂಪಿನ ಅವಮಾನಕ್ಕೆ ಹೆದರಿ ಅವನು ಅವಳು ತುಂಬಿಸಲಿ ಎಂದು ಬಿಟ್ಟಿದ್ದ, ಅವಳು ಅವನು ತುಂಬಿಸಲಿ ಎಂದು ಬಿಟ್ಟಿದ್ದಳು.

ಪಂಪಿನಲ್ಲಿ ಅನಿಕೇತ್ ಎಂಬ ತರುಣ ತಪ್ಪಿಸಿಕೊಳ್ಳುವಷ್ಟರಲ್ಲಿ ಸಿಕ್ಕಿಬಿದ್ದ. ನಳಿಗೆ ಇಟ್ಟ. ಟಕ್. ಮತ್ತೆ ಇಟ್ಟ. ಟಕ್. ಹಿಂದೆ ಹಾರ್ನಿನ ಮೇಳ ಶುರುವಾಯಿತು.

"ಕಾಕಾ, ಗಾಡಿ ಸೈಡ್‌ಲಾ ಘ್ಯಾ," ಎಂದು ಕೈ ಮುಗಿದ.

"ಅಂಧೇರಿ ಮುಟ್ಟೂವಷ್ಟು ಬಿದ್ದೈತಿ, ನಡೀರಿ ಹೋಗೂಣು," ಎಂದಳು ಶಿವಕುಮಾರಿ.

"ಇಲ್ಲ! ಇವತ್ತ ಇದರದೊಂದ ತೀರ್ಮಾನ ಆಗಬೇಕು!"

ಬಂಡೆಪ್ಪ ಗಾಡಿಯನ್ನು ಗಾಲಿಗೆ ಗಾಳಿ ತುಂಬುವ ಮೂಲೆಗೆ ಒಯ್ದು ನಿಲ್ಲಿಸಿದ. ನೆಲದ ಮೇಲೆ ಗಾಳಿಯ ಪೈಪು ಬಿದ್ದಿತ್ತು. ಅದನ್ನು ಕಂಡದ್ದೇ ತಡ, ಅವನ ತಲೆಯಲ್ಲಿ ದೀಪ ಹೊತ್ತಿತು. ಟ್ಯಾಂಕಿನ ಗಂಟಲಲ್ಲಿ ಏನೋ ಸಿಕ್ಕಿದೆ, ಗಾಳಿ ಊದಿದರೆ ಒಳಗೆ ಹೋಗಿಬಿಡುತ್ತದೆ!

"ಬ್ಯಾಡ್ರಿ!" ಎಂದಳು ಹೆಂಡತಿ.

"ನಿನಗೇನ ತಿಳೀತೈತಿ?" ಎಂದ ಗಂಡ. ಪೈಪನ್ನು ಟ್ಯಾಂಕಿನ ಬಾಯಿಗೆ ತುರುಕಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಒಳಗೆ ಇಣುಕುತ್ತ ಗಾಳಿ ಬಿಟ್ಟ.

ಒಳಗೆ ಹೋದ ಗಾಳಿಗೆ ಹೊರಬರುವ ದಾರಿ ಒಂದೇ ಇತ್ತು, ಆ ದಾರಿಯಲ್ಲಿ ಬಂಡೆಪ್ಪನ ಮುಖವಿತ್ತು. ಪಿಕಪ್ ಒಮ್ಮೆ ದೊಡ್ಡದಾಗಿ ತೇಗಿತು. ತಲೆ, ಮೀಸೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಲ್ಲಕ್ಕೂ ಡೀಸೆಲ್ ಅಭಿಷೇಕ! ಅನಿಕೇತ್ ಓಡಿ ಬಂದು ಗಾಳಿ ಬಂದ್ ಮಾಡಿ, ಒರೆಸಿಕೊಳ್ಳಲು ಒಂದು ಬಟ್ಟೆ ಕೊಟ್ಟ. ಅದಕ್ಕೂ ಡೀಸೆಲ್ ವಾಸನೆಯಿತ್ತು.

ಇಷ್ಟಾದ ಮೇಲೂ ಬಂಡೆಪ್ಪ ಸೋಲೊಪ್ಪಲಿಲ್ಲ. ಮೊಬೈಲಿನ ಬ್ಯಾಟರಿ ಬೆಳಕು ಹಚ್ಚಿ, ಪ್ಯಾಂಟು ಹಿಡಿದುಕೊಂಡು, ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದ. ಟ್ಯಾಂಕಿನ ಬಾಯಿಂದ ಇಳಿದ ದಪ್ಪ ರಬ್ಬರ್ ಪೈಪು ಕಂಡಿತು. ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಪೈಪು. ಆ ಸಣ್ಣ ಪೈಪಿನ ನಡುವನ್ನು ಏನೋ ಬಿಗಿಯಾಗಿ ಹಿಸುಕಿದೆ!

"ಸಿಕ್ತು!" ಎಂದು ಬಂಡೆಪ್ಪ ಗರ್ಜಿಸಿದ. "ಸಿಕ್ತು ನಿನ್ನ ಡ್ರೈವಿಂಗಿನ..."

ಬೆಳಕು ಹತ್ತಿರ ಒಯ್ದ. ಗರ್ಜನೆ ಅಲ್ಲಿಗೇ ನಿಂತಿತು.

ಪೈಪಿನ ಕುತ್ತಿಗೆಗೆ ಮೂರು ಸುತ್ತು ಬಿಗಿದು ಕಟ್ಟಿದ್ದು ಒಂದು ಕರಿ ಉಡದಾರ. ಅವನದೇ ಉಡದಾರ!

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಶಿವಕುಮಾರಿ ಒಬ್ಬಳೇ ಬೈಕುಲ್ಲಾಕ್ಕೆ ಹೊರಟ ಆ ನಸುಕಿನಲ್ಲಿ ಅವಳು ಒಳಗೆ ಚಹಾ ಕುಡಿಯುತ್ತಿದ್ದಳು. ಬಂಡೆಪ್ಪ ಹೊರಗೆ ಗಾಡಿ ಒರೆಸುತ್ತಿದ್ದ. ಒರೆಸುತ್ತ ಒರೆಸುತ್ತ ಅವನಿಗೆ ಮುಂಬೈಯ ಬಸ್ಸುಗಳು, ಟ್ಯಾಂಕರುಗಳು, ಸಿಗ್ನಲ್ ಹಾರುವ ಬೈಕುಗಳು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಹೋಗಬೇಡ ಅನ್ನಲು ಬಾಯಿ ಬರಲಿಲ್ಲ, ಅವಳ ಮುಖದಲ್ಲಿ ಅಷ್ಟು ಖುಷಿಯಿತ್ತು. ದೃಷ್ಟಿ ದಾರ ತರೋಣವೆಂದರೆ ಅಂಗಡಿ ತೆರೆದಿರಲಿಲ್ಲ. ಹಾಗಾಗಿ ತನ್ನ ಸೊಂಟದ ಉಡದಾರವನ್ನೇ ಬಿಚ್ಚಿದ. ಮೇಲೆ ಕಟ್ಟಿದರೆ ಅವಳಿಗೆ ಕಾಣುತ್ತದೆ, ತನ್ನ ಭಾಷಣದ ಗತಿಯೇನು? ಗಾಡಿಯ ಕೆಳಗೆ ಕೈ ಹಾಕಿ, ಸಿಕ್ಕ ಯಾವುದೋ ಪೈಪಿಗೆ ಬಿಗಿದ. ಅವಳು ಕ್ಷೇಮವಾಗಿ ತಿರುಗಿ ಬಂದಳು. ದಾರದ ಮಹಿಮೆ ಇರಬಹುದು, ಇರಲಿ ಎಂದು ಬಿಟ್ಟ. ಅದು ಟ್ಯಾಂಕಿನ ಉಸಿರಿನ ಪೈಪು ಎಂದು ಹದಿನೆಂಟು ವರ್ಷದ ಡ್ರೈವರನಿಗೆ ಗೊತ್ತಿರಲಿಲ್ಲ!

"ಏನ್ ಸಿಕ್ತ್ರಿ?" ಮೇಲಿನಿಂದ ಹೆಂಡತಿಯ ದನಿ.

ಬಂಡೆಪ್ಪನ ಮುಂದೆ ಈಗ ಎರಡು ದಾರಿ. ಉಡದಾರವನ್ನು ಸದ್ದಿಲ್ಲದೆ ಬಿಚ್ಚಿ ಜೇಬಿಗೆ ಹಾಕಿ, 'ನೀ ಗುಂಡಿಗೆ ಹಾರಿಸಿದ್ದಕ್ಕ ಪೈಪು ಮಡಚೇತಿ' ಎಂದರೆ ಮುಗಿಯಿತು. ಕೀಲಿ ಅವನದು, ಸೀಟು ಅವನದು, ಮಾನವೂ ಉಳಿಯಿತು. ಬಾಯಿ ತೆರೆದೂ ತೆರೆದ. ಆದರೆ ಮಲಗಿದ ಜಾಗದಿಂದ ಅವನಿಗೆ ಕಂಡದ್ದು ಅವಳ ಪಾದಗಳು. ಬೆಳ್ಳಿ ಕಾಲುಂಗುರದ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟು ಅಂಟಿಕೊಂಡಿತ್ತು. ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡದ ಹೆಂಗಸು. ಸುಳ್ಳು ಗಂಟಲಲ್ಲೇ ಸಿಕ್ಕಿಕೊಂಡಿತು.

"ಏನಿಲ್ಲ... ಏನೋ ಕಸಾ," ಎಂದು ಗಂಟು ಬಿಚ್ಚತೊಡಗಿದ. ಡೀಸೆಲ್ ಹತ್ತಿದ ಬೆರಳು ಜಾರಿದವು. ತಾನೇ ಹಾಕಿದ ಗಂಟು, ತನಗೇ ಬಿಚ್ಚಲಾಗಲಿಲ್ಲ! ಅನಿಕೇತ್ ಇಕ್ಕಳ ಹಿಡಿದು ಪಕ್ಕದಲ್ಲಿ ತೂರಿ ಬಂದ. ಒಂದೇ ನಿಮಿಷದಲ್ಲಿ ಗಂಟು ಬಿಡಿಸಿ, ಹೊರಗೆ ಸರಿದು, ದಾರವನ್ನು ಎತ್ತಿ ಹಿಡಿದ.

"ಯೇ ದೇಖೋ! ಡೀಸೆಲ್ ಅಂದರ್ ಜಾಯೇಗಾ ತೋ ಹವಾ ಬಾಹರ್ ಆನೀ ಚಾಹಿಯೇ ನಾ? ಕಿಸೀನೇ ಗಾಡಿ ಕೀ ನಾಕ್ ಬಾಂಧ್ ದೀ!"

ಡೀಸೆಲ್ ಒಳಗೆ ಹೋಗಬೇಕಾದರೆ ಗಾಳಿ ಹೊರಗೆ ಬರಬೇಕು, ಅದು ಸರಿ; ಆದರೆ ಗಾಡಿಯ ಮೂಗು ಕಟ್ಟಿದವರು ಯಾರು? ಶಿವಕುಮಾರಿ ದಾರವನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಹೋದ ದಸರೆಯಲ್ಲಿ ಅದು ಎಳೆ ಬಿಟ್ಟಾಗ ಅವಳೇ ಕೆಂಪು ದಾರದಿಂದ ಹೊಲಿದುಕೊಟ್ಟಿದ್ದಳು. ಕೆಂಪು ಹೊಲಿಗೆ ಹಾಗೇ ಇತ್ತು. ಗಾಡಿಯ ಕೆಳಗಿನಿಂದ ಬಂಡೆಪ್ಪ ಹೊರಗೆ ಬರಲೇ ಇಲ್ಲ.

"ಜಳಕದಾಗ ಹರದ ಹೋಗಿದ್ದು ಇದನೇನ್ರಿ?"

ಗಾಡಿಯ ಕೆಳಗೆ ಮೊಬೈಲಿನ ಬೆಳಕು ಆರಿತು.

"ನಾ ಒಬ್ಬಾಕಿನ ಬೈಕುಲ್ಲಾಕ್ಕ ಹೋದ ದಿನಾ ಕಟ್ಟೀರಿ?"

"ಹೂಂ."

"ಮತ್ತ ಇದು ಯಂತ್ರ, ಕೂಸಲ್ಲ ಅಂತಿದ್ರಿ?"

ಕೆಳಗಿನಿಂದ ಸಣ್ಣ ದನಿ ಬಂತು: "ಯಂತ್ರಕ್ಕ ಕಟ್ಟಿಲ್ಲ ನಾ. ಯಂತ್ರದಾಗ ಕುಂತಾಕಿಗೆ ಕಟ್ಟೇನಿ."

ಶಿವಕುಮಾರಿಗೆ ಕಣ್ಣು ತುಂಬಿ ಬಂತು. ಮರುಗಳಿಗೆಯಲ್ಲೇ ನಗು ಒತ್ತರಿಸಿ ಬಂತು. ಸೆರಗಿನಿಂದ ಎರಡನ್ನೂ ಒರೆಸಿಕೊಂಡಳು.

"ನನ್ನ ಕಾಯಾಕ ಹೋಗಿ ಗಾಡಿ ಕುತಗಿ ಹಿಚಕೀರಲ್ಲರೀ! ಏಳ್ರಿ ಮ್ಯಾಲೆ."

ಅನಿಕೇತ್ ಮತ್ತೆ ನಳಿಗೆ ಇಟ್ಟ. ಟಕ್ ಇಲ್ಲ, ನೊರೆ ಇಲ್ಲ. ಒಂದೂವರೆ ತಿಂಗಳ ಬಾಯಾರಿಕೆಯನ್ನು ಪಿಕಪ್ ಒಂದೇ ಉಸಿರಿನಲ್ಲಿ ತೀರಿಸಿಕೊಂಡಿತು.

ಬಂಡೆಪ್ಪ ಕೊನೆಯದೊಂದು ಪ್ರಯತ್ನ ಮಾಡಿದ. "ನೀ ಸ್ಟೇರಿಂಗ್ ಹಿಡದ ದಿನದಿಂದನ ರೋಗ ಸುರು ಆಗೇತಿ ಅಂದಿದ್ದೆ. ಅದಂತೂ ಖರೇನ ಆತಲ್ಲ!"

"ಖರೇನ ಐತ್ರಿ. ಕೀಲಿ ಕೊಡ್ರಿ."

ಕೊಟ್ಟ. ಅವಳು ಕೀಲಿಯನ್ನು ನಡಕ್ಕೆ ಸಿಗಿಸಲಿಲ್ಲ, ನೇರವಾಗಿ ಗಾಡಿಗೇ ಹಾಕಿದಳು. ಅವನು ಆ ಕಡೆಯ ಬಾಗಿಲಿಗೆ ಕೈ ಹಚ್ಚಿದ.

"ನೀವೆಲ್ಲಿ ಹತ್ತತೀರಿ? ರೊಟ್ಟಿಗೆ ಡೀಸೆಲ್ ನಾತಾ ಹಿಡೀತೈತಿ. ಬಸುರಿ ಹೆಣ್ಮಗಳು ಉಣ್ಣೂದೈತ್ರಿ. ಲೋಕಲ್‌ದಾಗ ಬರ್ರಿ." ಕಿಟಕಿಯಿಂದ ಉಡದಾರವನ್ನು ಚಾಚಿದಳು. "ಇದನ್ನ ಮೊದಲ ಇದ್ದಲ್ಲೇ ಕಟ್ಕೋರಿ. ಪ್ಯಾಂಟರೆ ಉಳೀಲಿ."

ಪಿಕಪ್ ಗೇಟು ದಾಟಿ ಹೋಯಿತು. ಇಂಡಿಕೇಟರ್ ಹಾಕಿ, ಎಡಬಲ ನೋಡಿ, ಎಷ್ಟು ಸೊಗಸಾಗಿ ತಿರುಗಿಸಿದಳು! ನೋಡುತ್ತ ನಿಂತ ಬಂಡೆಪ್ಪನಿಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಸಯನ್ನಿನಿಂದ ದಾದರ್, ದಾದರಿನಲ್ಲಿ ರೈಲು ಬದಲಿಸಿ ಅಂಧೇರಿ. ಹಳಿ ರಿಪೇರಿಗೆಂದು ರೈಲು ಕಡಿಮೆ ಮಾಡುವ ರವಿವಾರದ ಮೆಗಾಬ್ಲಾಕ್ ಬೇರೆ, ಲೋಕಲಿನಲ್ಲಿ ಕಾಲಿಡಲು ಜಾಗವಿಲ್ಲ. ಆದರೆ ಬಂಡೆಪ್ಪ ಹತ್ತಿದ್ದೇ ತಡ, ಜನ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಎರಡು ಪಾಲಾಗಿ ದಾರಿ ಬಿಟ್ಟರು. ಕಿಟಕಿಯ ಪಕ್ಕದ ಸೀಟಿನವನು ತಾನಾಗಿಯೇ ಎದ್ದುಹೋದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನಿಗೆ ಲೋಕಲಿನಲ್ಲಿ ಕಿಟಕಿ ಸೀಟು ಸಿಕ್ಕಿತು!

ಆದರೂ ಅವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ದಾರ ಈಗ ಅವನ ಸೊಂಟದಲ್ಲಿದೆ, ಗಾಡಿ ಬರಿಗುತ್ತಿಗೆಯಲ್ಲಿ ಹೋಗಿದೆ. ಪ್ರತಿ ಸ್ಟೇಷನ್ನಿಗೂ ಮೊಬೈಲ್ ನೋಡಿಕೊಂಡ. ವಿಲೇಪಾರ್ಲೆ ಬಂದಾಗ ಅದು ರಿಂಗಾಯಿತು.

"ಮುಟ್ಟೇನ್ರಿ. ಒಂದ ರೊಟ್ಟೀನೂ ಮುರದಿಲ್ಲ. ಲಗೂನ ಬರ್ರಿ, ನಿಮಗೊಂದು ಬ್ಯಾರೆ ಅಂಗಿ ಕೇಳಿ ಇಟ್ಟೇನಿ."

ಬಂಡೆಪ್ಪ ದೊಡ್ಡದೊಂದು ಉಸಿರು ಬಿಟ್ಟ. ಆ ವಾಸನೆಗೆ ಎದುರು ಸೀಟಿನವನು ಇನ್ನಷ್ಟು ಹಿಂದೆ ಸರಿದು, ಕರವಸ್ತ್ರದೊಳಗಿನಿಂದಲೇ ಕೇಳಿದ: "ಡ್ರೈವರ್ ಹೋ ಕ್ಯಾ, ಭಾಯಿಸಾಬ್?"

ಹದಿನೆಂಟು ವರ್ಷ ಈ ಪ್ರಶ್ನೆಗೆ ಎದೆ ಉಬ್ಬಿಸಿ ಹೌದು ಎಂದವನು ಬಂಡೆಪ್ಪ. ಇವತ್ತೂ ಎದೆ ಉಬ್ಬಿಸಿದ. ಪ್ಯಾಂಟು ಜಾರಲಿಲ್ಲ.

"ನಹೀ ಭಾಯಿ," ಎಂದ. "ಡ್ರೈವರ್ ಮೇರೀ ಬೀವಿ ಹೈ."