ಜೀಗುಜ್ಜೆ ಮರಕ್ಕೆ ತೀರ್ಪು

ಆ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳ ಹಾಗೆಯೇ ಶುರುವಾಯಿತು. ಐದೂವರೆಗೆ ಎದ್ದೆ, ಹಾಲು ಕಾಯಿಸಿದೆ, ನೀರುದೋಸೆಗೆ ಅಕ್ಕಿ ಕಡೆದೆ, ವಾಷಿಂಗ್ ಮೆಷಿನ್ನಿಗೆ ಬಟ್ಟೆ ತುಂಬಿ ಅದರ ಪೈಪನ್ನು ಕಿಟಕಿಯಿಂದ ಹಿತ್ತಲಿಗೆ ಇಳಿಬಿಟ್ಟೆ. ವ್ಯತ್ಯಾಸ ಒಂದೇ. ಇಷ್ಟೆಲ್ಲ ಮಾಡುತ್ತಾ ನಾನು ದೊಡ್ಡ ದೊಡ್ಡ ಪಟ್ಟಣಗಳಿಗೆ ನಾಶವನ್ನು ಸಾರುತ್ತಿದ್ದೆ. "ಅಯ್ಯೋ, ನಿಮ್ಮ ಗತಿಯೇ!" ಎಂದು ದೋಸೆಯ ಕಾವಲಿಯತ್ತ ಕೈಯೆತ್ತಿದಾಗ ನಮ್ಮವರು ಪೇಪರಿನಿಂದ ತಲೆಯೆತ್ತಿ, "ಎಂತ ಗ್ರೇಸಿ, ಉಪ್ಪು ಹೆಚ್ಚಾಯಿತಾ?" ಎಂದು ಕೇಳಿದರು.

ಉಪ್ಪು ಸರಿಯಾಗಿಯೇ ಇತ್ತು. ಸಂಜೆ ಐದಕ್ಕೆ ನಮ್ಮ ಬನ್ನಂಜೆಯ ಮನೆಯಲ್ಲಿ ಚರ್ಚಿನ ಸ್ತ್ರೀಸಂಘ ಸೇರುವುದಿತ್ತು. ಪ್ರವಾದಿಗಳ ನ್ಯಾಯತೀರ್ಪು ಮತ್ತು ನಿರೀಕ್ಷೆಯ ಕುರಿತು ಹತ್ತು ನಿಮಿಷ ಮಾತಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಿರೀಕ್ಷೆಯ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಿಯೇನು. ತೀರ್ಪಿನದ್ದೇ ಕಷ್ಟ. ಹುಡುಗಿಯ ದನಿ ತನ್ನ ಬೆಂಚನ್ನು ದಾಟಬಾರದು ಎಂದು ಕಾನ್ವೆಂಟಿನ ಸಿಸ್ಟರು ಕಲಿಸಿದ್ದನ್ನು ನಾನು ಇಂದಿಗೂ ಮೀರಿಲ್ಲ. ನಮ್ಮ ಗೇಟಿನೆದುರು ಕಸ ಎಸೆಯುವವರನ್ನು ಬೈದರೂ ಕೊನೆಗೊಂದು 'ಪ್ಲೀಸ್' ತಾನಾಗಿ ಬಂದು ಕುಳಿತುಕೊಳ್ಳುತ್ತದೆ. ಇಂಥ ಬಾಯಲ್ಲಿ ಪ್ರವಾದಿ ಯೆಶಾಯನ ಸಿಟ್ಟು ಕಾರ್ಕಳ ಬಸ್ಸಿನ ಸಮಯ ಓದಿದ ಹಾಗೆ ಕೇಳುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ನಿನ್ನನ್ನು ಕಡಿದು ಹಾಕುತ್ತೇನೆ ಎನ್ನುವ ದೇವರ ಬಾಯಿಯೇ, ಕಡಿದ ಬುಡದಿಂದ ಚಿಗುರು ಬರುತ್ತದೆ ಎಂದು ಹೇಗೆ ಹೇಳುತ್ತದೆ? ಆ ಚಿಗುರು ಕ್ರಿಸ್ತನೇ ಎಂದು ಕ್ರೈಸ್ತರಾದ ನಮಗೆ ಗೊತ್ತು, ಪ್ರತಿ ಡಿಸೆಂಬರಿನಲ್ಲಿ ಹಾಡುತ್ತೇವೆ. ಆದರೆ ಮುಂದಿನ ಸಾಲಿನಿಂದ ಯಾರಾದರೂ, "ಚಿಗುರಿಸಲಿಕ್ಕೇ ಇದ್ದರೆ ಕಡಿಯುವ ಮಾತು ಎಂತಕ್ಕೆ?" ಎಂದರೆ? ಮೂರು ದಿನ ಯೋಚಿಸಿದರೂ ನನ್ನ ಬಳಿ ಉತ್ತರವಿರಲಿಲ್ಲ.

ಅದೇ ದಿನ ನಮ್ಮ ಹಿತ್ತಲಿನಲ್ಲೂ ಒಂದು ತೀರ್ಪು ಜಾರಿಯಾಗುವುದಿತ್ತು. ಅಲ್ಲೊಂದು ಜೀಗುಜ್ಜೆ ಮರ, ಹಲಸಿನ ಜಾತಿಯದ್ದು. ತವರಾದ ಎರ್ಮಾಳಿನಿಂದ ಸಸಿಯಾಗಿದ್ದಾಗ ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದವಳು ನಾನು. ಏಳು ವರ್ಷಗಳಲ್ಲಿ ಕೊಡೆಯಂಥ ಎಲೆಗಳನ್ನು ಬಿಟ್ಟಿತೇ ಹೊರತು ಎಣ್ಣೆಯಲ್ಲಿ ಒಂದು ಪೋಡಿ ಕರಿಯುವಷ್ಟು ಕಾಯಿಯನ್ನೂ ಬಿಡಲಿಲ್ಲ. ಅದನ್ನು ಕಡಿಸಿ ಕಾರು ನಿಲ್ಲಿಸಬೇಕು, ಕಾರಿಗೆ ನೆರಳು ಬೇಕಲ್ಲ, ಮೇಲೊಂದು ಶೀಟು ಹಾಕಿಸಬೇಕು ಎಂಬುದು ನಮ್ಮವರ ಯೋಜನೆ. ನೆರಳಿಗಾಗಿ ಮರ ಕಡಿಯುವುದನ್ನು ಗಂಡಸರು ಮಾತ್ರ ಯೋಚಿಸಬಲ್ಲರು. ಹತ್ತು ಗಂಟೆಗೆ ಯಲ್ಲಪ್ಪ ಬರುತ್ತಾನೆಂದು ಹೇಳಿ ಮಣಿಪಾಲದ ಆಫೀಸಿಗೆ ಹೊರಟುಹೋದರು. ಯಲ್ಲಪ್ಪ ಗದಗದ ಕಡೆಯವನು, ಓಣಿಯ ಎಲ್ಲರ ಹಿತ್ತಲಿಗೂ ಅವನೇ ಬೇಕು.

ನನ್ನ ಕೊನೆಯ ಆಸೆ ಪಕ್ಕದ ಮನೆಯ ಗಿರಿಜಕ್ಕ. ಹಿಂದಿನ ದಿನ ಕಾಂಪೌಂಡಿನ ಮೇಲಿಂದ ಅವರು ಹೇಳಿದ್ದರು: "ಕಾಯಿ ಬಿಡದ ಹಲಸಿಗೆ ನಮ್ಮ ಬೆಳ್ಮಣ್ಣಿನ ಮನೆಯಲ್ಲಿ ಒಂದು ಮದ್ದು ಉಂಟು. ಒಬ್ಬರು ಕತ್ತಿ ಹಿಡಿದು, ಕಡಿದೇ ಬಿಡ್ತೇನೆ ಅಂತ ಸಣ್ಣ ಗೀರು ಹಾಕುವುದು. ಇನ್ನೊಬ್ಬರು ಓಡಿ ಬಂದು, ಬೇಡ ಬೇಡ, ಬರುವ ವರ್ಷ ಬಿಡ್ತದೆ ಅಂತ ಕೈ ಹಿಡಿಯುವುದು. ನಾಳೆ ಒಂಬತ್ತೂವರೆಗೆ ನೀನು ಕತ್ತಿ ಹಿಡಿ, ನಾನು ಬೇಡ ಅನ್ಲಿಕ್ಕೆ ಬರ್ತೇನೆ."

ಒಂಬತ್ತೂವರೆಗೆ ನಾನು ಕತ್ತಿ ಹಿಡಿದು ನಿಂತೆ. ಗಿರಿಜಕ್ಕ ಬರಲಿಲ್ಲ. ಬೀದಿಯಲ್ಲಿ ಮೀನಿನವಳು ಬಂದಿದ್ದಳು. "ಇಷ್ಟು ಸಣ್ಣ ಬೂತಾಯಿಗೆ ಅಷ್ಟಾ?" ಎಂಬ ಗಿರಿಜಕ್ಕನ ದನಿ ಕೇಳುತ್ತಿತ್ತು. ಮರದ ವಕೀಲರು ಅಲ್ಲಿ ವಾದದಲ್ಲಿದ್ದರು. ಹತ್ತಾಗಲು ಹತ್ತು ನಿಮಿಷವಿದೆ ಎನ್ನುವಾಗ ಒಬ್ಬಳೇ ಶುರುಮಾಡಿದೆ. "ನೋಡು, ಹೀಗೇ ಮಾಡಿದರೆ ಕಡಿಯಬೇಕಾಗುತ್ತದೆ. ಪ್ಲೀಸ್." ಒಂದು ಎಲೆಯೂ ಅಲುಗಲಿಲ್ಲ. ಆಗ ಆ ಬಸ್ಸಿನ ಪ್ರಯಾಣ, ಮಡಿಲಲ್ಲಿ ನಡುಗುತ್ತಿದ್ದ ಆ ಎರಡೆಲೆ ನೆನಪಾಗಿ, ಎಲ್ಲಿತ್ತೋ, ಯೆಶಾಯನ ದ್ರಾಕ್ಷಿತೋಟದ ಯಜಮಾನನೇ ನನ್ನ ಬಾಯಿಗೆ ಬಂದುಬಿಟ್ಟ. ಅವನೂ ಅಗೆದು, ಕಲ್ಲು ಹೆಕ್ಕಿ, ಒಳ್ಳೆಯ ಬಳ್ಳಿ ನೆಟ್ಟು, ಕಡೆಗೆ ಹುಳಿಹಣ್ಣು ಕಂಡವನಲ್ಲವೇ? "ನಿನಗೆ ನಾನು ಮಾಡದೆ ಬಿಟ್ಟದ್ದು ಎಂತ ಉಂಟು? ಹೇಳು!" ಎಂದು ಕೂಗಿದೆ. ನನ್ನ ದನಿ ಬೆಂಚನ್ನಲ್ಲ, ಕಾಂಪೌಂಡನ್ನೇ ದಾಟಿತು. ತೊಗಟೆಯ ಮೇಲೊಂದು ಗೀರು ಹಾಕಿದೆ. ಬಿಳಿಯ ಮೇಣ ಒಸರಿತು. ಕಣ್ಣು ತುಂಬಿತು. ಮತ್ತೆ ಕತ್ತಿ ಎತ್ತಿದೆ.

"ತಡೀರಿ ಅಕ್ಕಾರ! ಬ್ಯಾಡ್ರಿ!"

ಯಲ್ಲಪ್ಪ! ಹೆಗಲ ಕೊಡಲಿಯನ್ನು ಅಲ್ಲೇ ಬಿಸಾಕಿ ಓಡಿ ಬಂದು, ನನಗೂ ಮರಕ್ಕೂ ನಡುವೆ ನಿಂತ. "ಹಸಿ ಮರ ಐತ್ರಿ, ಎಷ್ಟ್ ಚಂದ ಬೆಳದೈತಿ. ಒಂದ್ ವರ್ಷ ತಡೀರಿ. ಬುಡಾ ಕೆದರಿ ಗೊಬ್ಬರಾ ಹಾಕ್ತೀನಿ. ಆಮ್ಯಾಲೆ ನೋಡೂಣು."

"ಅಲ್ಲ ಯಲ್ಲಪ್ಪ, ನೀವು ಬಂದದ್ದೇ ಕಡಿಯಲಿಕ್ಕಲ್ವಾ?"

ಅವನು ತಿರುಗಿ ತನ್ನ ಕೊಡಲಿಯನ್ನು ನೋಡಿದ. "ಹೌದಲ್ರೀ! ನೀವು ಬೈಯೂದು ಕೇಳಿ ಮರತಬಿಟ್ಟೆ. ಆದ್ರ ಅಕ್ಕಾರ, ಕಡಿಯಾಕ ಮನಸ್ಸಿದ್ದವ್ರು ಅಳಂಗಿಲ್ರಿ."

ಮೂರು ದಿನದಿಂದ ಸಿಗದ ಉತ್ತರ ಇಲ್ಲಿ ಕೈಕಟ್ಟಿ ನಿಂತಿತ್ತು! ಅವನಿಗೆ ಚಹಾ ಕೊಟ್ಟು, ಒಳಗೋಡಿ ನನ್ನ ಚೀಟಿಗಳನ್ನೆಲ್ಲ ಹರಿದುಹಾಕಿದೆ. ನಮ್ಮವರಿಗೆ ಫೋನು ಮಾಡಿ, "ಕಡಿಯುವವನೇ ಬೇಡ ಎಂದ" ಎಂದೆ. ಅವರು, "ಒಂದು ವರ್ಷ. ಅಷ್ಟೇ ಗ್ರೇಸಿ" ಎಂದರು. ಯಲ್ಲಪ್ಪ ಬುಡ ಅಗೆಯುತ್ತಿದ್ದಾಗ ಮಣ್ಣಿನಿಂದ ಹೂವಿನಂಥ ತಣ್ಣಗಿನ ಪರಿಮಳ ಬಂತು. ಅವನೂ ಮೂಸಿ ನೋಡಿ ಬೆರಗಾದ. ದೇವರು ನನ್ನ ಮಾತಿಗೆ ಹಾಕಿದ ರುಜು ಎಂದುಕೊಂಡೆ.

ಸಂಜೆ ಹತ್ತು ನಿಮಿಷದ ಬದಲು ಇಪ್ಪತ್ತೈದು ನಿಮಿಷ ಮಾತಾಡಿದೆ. ಕಡಿಯಲು ನಿಶ್ಚಯಿಸಿದವನು ಸದ್ದಿಲ್ಲದೆ ಕೊಡಲಿ ತರುತ್ತಾನೆ, ಪ್ರವಾದಿಗಳ ಮೂಲಕ ಅಷ್ಟು ಕಾಲ ಕೂಗಿ ಕೂಗಿ ಅಳುವುದಿಲ್ಲ ಎಂದೆ. ಹಾಗೆಂದು ಆ ಕೊಡಲಿ ಸುಳ್ಳಲ್ಲ, ನಮ್ಮ ಮರಕ್ಕೂ ಇರುವುದು ಒಂದೇ ವರ್ಷ ಎಂದೆ. ತೀರ್ಪು ಕೊಟ್ಟವನೇ ಮರಕ್ಕೂ ಕೊಡಲಿಗೂ ನಡುವೆ ಬಂದು ನಿಂತದ್ದನ್ನು ನಾವು ಕ್ರಿಸ್ತನಲ್ಲಿ ಕಂಡೆವು ಎಂದಾಗ ಪಾದ್ರಿಗಳ ಹೆಂಡತಿ ಚಹಾದ ಕಪ್ಪನ್ನು ಕೆಳಗಿಟ್ಟರು. ಕೊನೆಗೆ ದ್ರಾಕ್ಷಿತೋಟದ ಆ ಪ್ರಶ್ನೆಯನ್ನು, ಬೆಳಿಗ್ಗೆಯ ದನಿಯಲ್ಲೇ, ಇಡೀ ಸಭೆಗೆ ಕೇಳಿಸಿದೆ. 'ಪ್ಲೀಸ್' ಒಮ್ಮೆಯೂ ಬರಲಿಲ್ಲ!

ಎಲ್ಲರೂ ಹೋದ ಮೇಲೆ, ಹಿಂದಿನ ಕುರ್ಚಿಯಲ್ಲಿ ಕುಳಿತು ಕೇಳಿದ್ದ ಗಿರಿಜಕ್ಕ ತಿಂಡಿಗೆಂದು ಎರವಲು ಕೊಟ್ಟಿದ್ದ ತಮ್ಮ ಸ್ಟೀಲಿನ ತಟ್ಟೆಗಳನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದರು. "ಹೇಗಿತ್ತು ಗಿರಿಜಕ್ಕ?" ಎಂದೆ, ಇನ್ನೂ ಇಳಿಯದ ಉತ್ಸಾಹದಲ್ಲಿ.

ಅವರು ಅಗೆದ ಮಣ್ಣನ್ನೂ ಕಿಟಕಿಯನ್ನೂ ಒಮ್ಮೆ ನೋಡಿ, ಚಪ್ಪಲಿಗೆ ಕಾಲು ತೂರಿಸುತ್ತಾ ಅಂದರು: "ಲಾಯ್ಕ ಇತ್ತು. ಮಾಡದೆ ಬಿಟ್ಟದ್ದು ಎಂತ ಅಂತ ಕೇಳಿದ್ಯಲ್ಲ, ಮಾರಾಯ್ತಿ... ಆ ಮೆಷಿನ್ನಿನ ಸಾಬೂನು ನೀರಿನ ಪೈಪು ಏಳು ವರ್ಷದಿಂದ ಅದರ ಬುಡಕ್ಕೇ ಅಲ್ವಾ ನೀನು ಬಿಡುವುದು? ನಾಳೆಯಿಂದ ಸ್ವಲ್ಪ ಆಚೆ ಬಿಡು."